ವೈನಿ ಎತ್ತಿದ ಅಂಗೈ

ಕ್ಯಾಂಪಿನ ಪೇಟೆಯಲ್ಲಿ ಬ್ಲೌಸಿನ ಒಳಗೆ ಕೊಡುವ ಅಸ್ತರ್ ಬಟ್ಟೆ ಕೊಂಡು ಸ್ಕೂಟರಿನಲ್ಲಿ ವಿಮಾನ ನಗರಕ್ಕೆ ಮರಳುತ್ತಿದ್ದೆವು. ಓಡಿಸುತ್ತಿದ್ದವಳು ನಾನು. ಹಿಂದೆ ವೈನಿ, ನನ್ನ ಅಣ್ಣನ ಹೆಂಡತಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗುಂಡಿ ತಪ್ಪಿಸಲು ಹೋಗಿ ಗಾಡಿ ಜಾರಿತು. ವೈನಿ ಬಲತೋಳಿನ ಮೇಲೆ ಬಿದ್ದರು. ಹಿಂದೆ ಬರುತ್ತಿದ್ದ ಬಸ್ಸು ಕಿರ್ರೆಂದು ಬ್ರೇಕು ಹಾಕಿತು. ಆ ಸದ್ದು ಈಗಲೂ ಅಡುಗೆ ಮಾಡುವಾಗ ಕೇಳಿಸುತ್ತದೆ. ಆದರೆ ಬಸ್ಸು ನಿಂತಿತ್ತು. ವೈನಿಯಿಂದ ಎರಡು ಮಾರು ದೂರದಲ್ಲಿ, ಪೂರ್ತಿ ನಿಂತಿತ್ತು.

"ಓ ಮ್ಯಾಡಮ್, ಬಾಜೂಲಾ ವ್ಹಾ!" ಎಂದು ಕಂಡಕ್ಟರ್ ಪಕ್ಕಕ್ಕೆ ಸರಿಯಲು ಮರಾಠಿಯಲ್ಲಿ ಕೂಗಿದ. ಹಾರ್ನುಗಳು ಶುರುವಾದವು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ವೈನಿಯ ಬಲತೋಳಿಗೆ ಕೈ ಹಾಕಿದೆ. ಅವರು ನೆಲದ ಮೇಲಿದ್ದ ಅದೇ ಕೈಯ ಅಂಗೈ ಎತ್ತಿ, ಬೆರಳು ಅಗಲಿಸಿ, "ತಡಿಯವಾ, ಎಳೀಬ್ಯಾಡ" ಎಂದರು.

ನಾನು ಎಳೆದೆ. ತೋಳಿನೊಳಗೆ ಏನೋ ಕಟಕ್ಕೆಂದಿತು. ವೈನಿಗೆ ಎಚ್ಚರ ತಪ್ಪಿತು.

ಆಸ್ಪತ್ರೆಯಲ್ಲಿ ನೋಡಿದರೆ ತೋಳಿನ ಎಲುಬು ಮುರಿದಿತ್ತು, ಮಣಿಕಟ್ಟು ಜೋತುಬಿದ್ದಿತ್ತು. ಡಾಕ್ಟರು ಬೆಳಗಾವಿ ಕಡೆಯವರು.

"ನರಕ್ಕ ಪೆಟ್ಟು ಬಿದ್ದದರಿ. ಮೂರು ನಮೂನಿ ಇರ್ತಾವು. ಬರೇ ಒತ್ತಿದ್ರ ತಾನೇ ಸುಧಾರಸ್ತದ. ಒಳಗಿನ ಎಳಿ ಹರದು ಮ್ಯಾಲಿನ ಹೊದಿಕಿ ಉಳದ್ರ ತಿಂಗಳಗಟ್ಲೆ ಕಾಯ್ಬೇಕು. ಪೂರ್ತಿ ತುಂಡಾಗಿದ್ರ ಹೊಲೀಬೇಕು. ಈಗ ನೀವು ಹೇಳ್ರಿ, ಬಿದ್ದ ಮ್ಯಾಲ ಅವರು ಮಣಿಕಟ್ಟು ಎತ್ತಿದ್ರೇನು? ಮದಲ ಎತ್ತಿ, ಆಮ್ಯಾಲ ಎತ್ತೋದು ನಿಂತಿದ್ರ, ಮುರಿದ ಎಲುಬಿನ ನಡುವ ನರ ಸಿಕ್ಕಿರಬಹುದು. ಲಗೂನ ತೆರದು ನೋಡ್ಬೇಕು. ಇಲ್ಲಂದ್ರ ಸದ್ಯಕ್ಕ ಕಾಯೋಣು."

"ಇಕಿ ಎಳೀಲಿಲ್ಲಂದ್ರ ಬಸ್ಸಿನ ಕೆಳಗ ಹೋಗ್ತಿದ್ಲರಿ," ಎಂದ ಅಣ್ಣ. ಅವನಿಗೆ ಫೋನಿನಲ್ಲಿ ಹಾಗೆ ಹೇಳಿದವಳು ನಾನೇ.

"ಕೈ ಎತ್ತಿದ್ರೋ ಇಲ್ಲೋ, ನಾ ಲಕ್ಷ್ಯ ಕೊಡಲಿಲ್ಲರಿ," ಎಂದೆ ಡಾಕ್ಟರಿಗೆ.

ಡಾಕ್ಟರು ಕಾಯುವುದೆಂದು ಬರೆದರು. ಮರುದಿನವೆಲ್ಲ ವೈನಿ ಎಡಗೈಯಿಂದ ಬಲಗೈಯನ್ನು ಎತ್ತುವುದು, ಬಿಡುವುದು. ಅದು ಒದ್ದೆ ಬಟ್ಟೆಯಂತೆ ಬೀಳುತ್ತಿತ್ತು. "ಕತ್ರಿ ಹಿಡಿಯೋ ಕೈ ಇದು," ಎಂದರು, ನನಗಲ್ಲ, ಕೈಗೆ.

ಮೂರನೆಯ ದಿನ ಒಬ್ಬಳೇ ಡಾಕ್ಟರ ಕೋಣೆಗೆ ಹೋಗಿ, ವೈನಿ ಅಂಗೈ ಎತ್ತಿದ್ದರು, ಆಮೇಲೆ ನಾನು ಎಳೆದೆ ಎಂದು ಹೇಳಿದೆ. ಅವರು ಕೇಸ್ ಪೇಪರಿನಲ್ಲಿ ಒಂದು ಸಾಲು ಹೊಡೆದುಹಾಕಿ ಬೇರೆ ಬರೆದರು. "ಅವತ್ತೇ ಹೇಳ್ಬೇಕಿತ್ತಲ್ರಿ." ಮನೆಯವರಿಗೆ ತಿಳಿಸಬೇಡಿ ಎಂದು ಬೇಡಿಕೊಂಡೆ. "ನಾ ಹೇಳಂಗಿಲ್ಲ. ನೀವು ಹೇಳ್ರಿ," ಎಂದರು.

ಆಪರೇಶನ್ನಿನಲ್ಲಿ ತೋಳು ತೆರೆದಾಗ ನರ ಎಲುಬಿನ ನಡುವೆಯೇ ಸಿಕ್ಕಿತ್ತು. ಬಿಡಿಸಿದರು. ಪೆಟ್ಟು ಎರಡನೆಯ ನಮೂನೆಯದಿರಬೇಕು ಎಂದರು. ಮನೆಗೆ ಬಂದವರಿಗೆಲ್ಲ ವೈನಿ, "ಒಳಗಿನ ದಾರ ಹರದದಂತ, ಅಸ್ತರ್ ಛಲೋ ಅದಂತ. ಗಿರಾಕಿಗೆ ನಾ ಹೇಳೋದನ್ನ ನನಗ ಹೇಳ್ಯಾರ," ಎಂದು ನಗುತ್ತಿದ್ದರು. ಅಣ್ಣ ಬಸ್ಸಿನ ಕಥೆ ಹೇಳುತ್ತಿದ್ದ. ನಾನು ಚಹಾ ಕೊಡುತ್ತಿದ್ದೆ.

ತಿಂಗಳುಗಳು ಕಳೆದವು. ಮೊನ್ನೆ ವೈನಿ ಮೇಜಿನ ಮೇಲೆ ಕೈಯಿಟ್ಟು ನನ್ನನ್ನು ಕರೆದರು. ಅಂಗೈ ನಡುಗುತ್ತ ಎದ್ದಿತು. ಅವತ್ತು ರಸ್ತೆಯಲ್ಲಿ ಎದ್ದಂತೆಯೇ, ನನ್ನ ಕಡೆಗೇ.

"ನೋಡವಾ, ಬಂತು! ನೀ ಎಳೀಲಿಲ್ಲಂದ್ರ ಕೈ ಅಲ್ಲ, ನಾನ ಇರ್ತಿದ್ದಿಲ್ಲ."

"ವೈನಿ, ನಾ ಎಳಿಯೂಕಿಂತ ಮದಲ ಬಸ್ಸು ನಿಂತಿತ್ತರಿ," ಎಂದೆ.

ಅಂಗೈ ಮೇಜಿನ ಮೇಲೆ ಇಳಿಯಿತು.

"ಯಾವ ಬಸ್ಸು? ನಿನ್ನ ಅಣ್ಣ ಎಲ್ಲಾರಿಗೂ ಹೇಳೋ ಬಸ್ಸೇನು?" ಎಂದರು.