ಅತಿಥಿಗಳ ಕಾಲಂನಲ್ಲಿ ಸೊನ್ನೆ

ನಾನು ಅವ್ವ ಎನ್ನುತ್ತಿದ್ದ ಆ ಗಣಿ ಕೂಲಿಯ ಹೆಂಗಸಿನ ಬಲಗೈಯ ನಡುಬೆರಳು ಅರ್ಧಕ್ಕೇ ನಿಂತಿತ್ತು. ಗಣಿಯಲ್ಲಿ ಫರಸಿ ಚಪ್ಪಡಿ ಎತ್ತುವಾಗ ಎರಡು ಕಲ್ಲಿನ ನಡುವೆ ಸಿಕ್ಕು ಹೋಗಿದ್ದಂತೆ. ಅದರಿಂದ ಆಕೆಯ ಯಾವ ಕೆಲಸವೂ ನಿಂತಿರಲಿಲ್ಲ. ಆದರೆ ಆಕೆ ಬಡಿದ ಜೋಳದ ರೊಟ್ಟಿಯಲ್ಲಿ ಆ ಬೆರಳು ತಾಗದ ಕಡೆ ಒಂದಿಷ್ಟು ದಪ್ಪ ಉಳಿಯುತ್ತಿತ್ತು, ಬೆಂದ ಮೇಲೂ ಅಲ್ಲಿ ಮೆತ್ತಗಿರುತ್ತಿತ್ತು. ಕಣ್ಣು ಮುಚ್ಚಿಕೊಂಡು ತಿಂದರೂ ಇದು ಅವ್ವನ ರೊಟ್ಟಿ ಎಂದು ಹೇಳಬಹುದಿತ್ತು. ಅಂಥ ರೊಟ್ಟಿ ನಾನು ತಿಂದದ್ದು ಮಾತ್ರ ಕಡಿಮೆ. ಆಕೆ ನನಗೆ ಬಡಿಸಿದ್ದು ಹೆಚ್ಚಾಗಿ ಅನ್ನ. ನನ್ನ ತಪ್ಪು ಶುರುವಾದದ್ದೇ ಆ ಅನ್ನದಿಂದ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನಾನು ಚಿಮ್ಮನಚೋಡ ಎಂಬ ಹಳ್ಳಿಯಿಂದ ಬಂದ ಹೊಸ ನೌಕರ, ಅಂಕಿಸಂಖ್ಯೆಯ ಕಚೇರಿಯೊಂದರಲ್ಲಿ ತನಿಖೆದಾರ. ತನಿಖೆದಾರ ಎಂದರೆ ಪೊಲೀಸ್ ಅಂದುಕೊಳ್ಳಬೇಡಿ. ನನ್ನ ಕೈಯಲ್ಲಿದ್ದದ್ದು ಲಾಠಿಯಲ್ಲ, ತಕ್ಕಡಿ. ಶಹಾಬಾದದ ಕಲ್ಲುಗಣಿ ಕೂಲಿಕಾರರು ಏನು ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ ಎಂದು ತೂಗಿ ಬರೆದು, ಅದನ್ನು ಇಡೀ ದೇಶದ ಸರಾಸರಿಯ ಪಕ್ಕದಲ್ಲಿಟ್ಟು ನೋಡುವುದು ಆ ವರ್ಷ ನಮಗೆ ವಹಿಸಿದ ಕೆಲಸ. ಊರ ಹೊರಗೆ, ವಾಡಿಗೆ ಹೋಗುವ ದಾರಿಯಲ್ಲಿ, ಗಣಿಯವರ ಒಂದು ಓಣಿ. ಅದರಲ್ಲಿ ಐದು ಮನೆ ನನ್ನ ಪಾಲಿಗೆ ಬಂದವು. ಒಂದೊಂದು ಮನೆಗೆ ಏಳೇಳು ದಿನ ನಸುಕಿನಲ್ಲೇ ಹೋಗಿ, ಒಲೆಗೆ ಏರುವ ಮೊದಲು ಹಿಟ್ಟು, ಬೇಳೆ, ಎಣ್ಣೆ, ಸಕ್ಕರೆ ಎಲ್ಲವನ್ನೂ ತೂಗಬೇಕು. ಮೊದಲನೆಯದು ಅವ್ವನ ಮನೆ. ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಗಂಡ ಹೆಂಡತಿ ಇಬ್ಬರೂ ಹೊತ್ತೇರುವುದರೊಳಗೆ ಗಣಿಗೆ ಹೋಗುವವರು.

ಮೊದಲ ದಿನ ನಾನು ತಕ್ಕಡಿ ಬಿಚ್ಚುತ್ತಿದ್ದಂತೆ ಅವ್ವ ಕೇಳಿದಳು, "ಸಾಹೇಬ್ರ, ಇಷ್ಟೆಲ್ಲಾ ತೂಗಿ ಬರಕೊಂಡು ಹೋದ್ರ ನಮಗೇನ್ ಬರ್ತದ್ರಿ? ಓಣಿಗೊಂದು ರೇಷನ್ ಅಂಗಡಿ ಬೇಕಂತ ಅರ್ಜಿ ಕೊಟ್ಟೇವಿ. ಊರಾಗಿನ ಅಂಗಡಿಗಿ ಹೋದ್ರ ಆ ದಿನದ ಕೂಲಿ ಹೋಯ್ತಂತನೇ ತಿಳಕೊರ್ರಿ. ಅಂಗಡಿ ಬರ್ತದೇನು?"

"ಬರ್ತದವ್ವಾ. ನೀವು ಉಣ್ಣೂದು ಮ್ಯಾಲಿನವ್ರಿಗಿ ಗೊತ್ತಾದ್ರ ಯಾಕ ಬರಂಗಿಲ್ಲ?" ಎಂದೆ. ಆ ಮಾತು ಕೊಡಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟಾರು ಎಂಬ ಅಂಜಿಕೆಗೆ ಹೇಳಿದ್ದು.

ತೂಕಕ್ಕೆ ಆರಿಸಿದ ಮನೆಯಲ್ಲಿ ತನಿಖೆದಾರ ಒಂದು ಗುಟುಕು ಚಹವನ್ನೂ ಕುಡಿಯಬಾರದು ಎಂಬ ನಿಯಮವಿತ್ತು. ಅವ್ವನ ಮನೆಯಲ್ಲಿ ಅದು ಒಂದು ಗಳಿಗೆಯೂ ನಿಲ್ಲಲಿಲ್ಲ. "ಹಸದವ್ರ ಕೈಯಾಗ ಒಲಿ ಮುಂದ ತಕ್ಕಡಿ ಕೊಡಂಗಿಲ್ರಿ. ಮೊದಲ ಕೈ ತೊಳಕೊರ್ರಿ, ಕುಂದ್ರಿ," ಎಂದು ಚೆಂಬು ಕೊಟ್ಟಳು. ನನ್ನ ಬಡಕಲು ಮೈ ನೋಡಿ, "ಸರಕಾರ ನಿಮಗ ತಕ್ಕಡಿ ಕೊಟ್ಟದ, ಉಣ್ಲಿಕ್ಕ ಕೊಟ್ಟಿಲ್ಲೇನು?" ಎಂದು ನಕ್ಕಳು. ಖಾನಾವಳಿಯ ನೀರು ಸಾರು ಉಂಡು ನಾಲಿಗೆ ಸತ್ತಿದ್ದ ನನಗೆ ಬೇಡ ಎನ್ನಲು ಮನಸ್ಸೂ ಇರಲಿಲ್ಲ. ಅಂದು ಒಂದು ರೊಟ್ಟಿ ಹಾಕಿ, ಅದರ ಮೇಲೆ ಬಿಳಿ ಅನ್ನ, ತೊಗರಿ ಬೇಳೆಯ ಸಾರು, ಆಮೇಲೆ ಸಕ್ಕರೆ ಸುರಿದ ಚಹ. ಮರುದಿನದಿಂದ ರೊಟ್ಟಿಯೂ ಹೋಯಿತು, ಪೂರಾ ಅನ್ನವೇ.

ಅವ್ವನಿಗೆ ಒಂದು ರೂಢಿ ಇತ್ತು. ಹಿಟ್ಟು ತೂಗಿ ನಾನು ಅಂಕಿ ಬರೆದ ಮೇಲೆ ಡಬ್ಬಿಯಿಂದ ಇನ್ನೊಂದು ಹಿಡಿ ತೆಗೆದು ಹಿಟ್ಟು ನಾದುವ ಪರಾತಕ್ಕೆ ಹಾಕುವಳು. "ಇದು ತೂಕದ್ದಲ್ರಿ, ಮನಿದು. ಯಾರರ ಬಂದ್ರ ಬೇಕಲ್ಲ?" ನಾನು ಆ ಹಿಡಿಯನ್ನು ಮತ್ತೆ ತೆಗೆಸಿ ತೂಗುವೆ. ಆಕೆ ಇನ್ನೊಂದು ಹಿಡಿ ಹಾಕುವಳು. ಮಕ್ಕಳು ಬಿದ್ದು ಬಿದ್ದು ನಗುವವು. ಎರಡೇ ದಿನದಲ್ಲಿ ಓಣಿಯೆಲ್ಲ ನನ್ನನ್ನು ತಕ್ಕಡಿ ಸಾಹೇಬ ಎಂದು ಕರೆಯತೊಡಗಿತು.

ಫಾರಂನಲ್ಲಿ ಮನೆಯವರ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಕಾಲಂ ಇತ್ತು, ಆ ದಿನ ಮನೆಯಲ್ಲಿ ಉಂಡ ಅತಿಥಿಗಳು ಎಷ್ಟು ಎಂದು. ಅಲ್ಲಿ ಒಂದು ಎಂದು ಬರೆದರೆ ಮೇಲಧಿಕಾರಿ ಯಾರು ಆ ಅತಿಥಿ ಎಂದು ಕೇಳುತ್ತಿದ್ದರು. ನಾನಿನ್ನೂ ಖಾಯಂ ಆಗಿರದ ನೌಕರ. ಏಳೂ ದಿನ ಹೊಟ್ಟೆತುಂಬ ಉಂಡು, ಕೈ ಒರೆಸಿಕೊಂಡು, ಆ ಕಾಲಂನಲ್ಲಿ ದುಂಡಗೆ ಸೊನ್ನೆ ಬರೆದೆ. ನನಗಾಗಿ ಬೇಯಿಸಿದ ಅಕ್ಕಿ, ನನಗಾಗಿ ಬೆರೆಸಿದ ಸಕ್ಕರೆ, ಎಲ್ಲವೂ ಆ ಐದು ಜನರ ಹೊಟ್ಟೆಗೆ ಹೋದದ್ದಾಗಿ ದಾಖಲಾಯಿತು.

ಎರಡನೇ ವಾರ ಪಕ್ಕದ ಮನೆಗೆ ಹೋದೆ. ಅಲ್ಲಿಯೂ ಅನ್ನ, ಚಹ. ಸಕ್ಕರೆ ತೂಗಲು ತಂದಿಟ್ಟ ಡಬ್ಬಿ ನೋಡಿದೆ. ನೀಲಿ ಬಣ್ಣದ ಬಿಸ್ಕೀಟಿನ ಡಬ್ಬಿ, ಒಂದು ಮೂಲೆ ತಗ್ಗಿದೆ. ಅವ್ವನ ಮನೆಯಲ್ಲಿ ಏಳು ದಿನ ತೂಗಿದ್ದು ಇದೇ ಡಬ್ಬಿಯ ಸಕ್ಕರೆಯನ್ನು. ಮೂರನೇ ವಾರ ಮೂರನೇ ಮನೆಯಲ್ಲೂ ಅದೇ ಡಬ್ಬಿ ನನಗಿಂತ ಮೊದಲೇ ಬಂದು ಕೂತಿತ್ತು.

ಅವ್ವ ಗಣಿಯಿಂದ ಮನೆಗೆ ಬರುವಾಗ ದಾರಿಯಲ್ಲಿ ತಡೆದು ಕೇಳಿದೆ. ಆಕೆ ಮುಚ್ಚಿಡಲಿಲ್ಲ.

"ಓಣಿಯವ್ರೆಲ್ಲಾ ಕೂಡಿ ತಂದದ್ರಿ. ಸಕ್ರಿ, ಅಕ್ಕಿ ಎರಡೂ. ನೀವು ಯಾರ ಮನಿಗಿ ಹೋಗ್ತೀರಿ ಅವ್ರ ಮನಿಗಿ ಹೋಗ್ತದ. ನಾವು ದಿನಾ ಬೆಲ್ಲದ ಚಾ ಕುಡೀತೀವಿ, ಅದೂ ಇದ್ರ. ಮನಿಗಿ ಬಂದವ್ರಿಗಿ ಅದನ್ನ ಕೊಡ್ಲಿಕ್ಕಾಗ್ತದೇನ್ರಿ?"

"ಹಂಗ ಮಾಡಿದ್ರ ಅಂಗಡಿ ಹ್ಯಾಂಗ ಬರ್ತದವ್ವಾ?"

"ಅಂಗಡಿ ಬ್ಯಾರೆ, ಮರ್ಯಾದಿ ಬ್ಯಾರೆ. ಅಂಗಡೀದು ನೀವು ನೋಡ್ಕೊತೀರಿ, ಮರ್ಯಾದೀದು ನಾವು ನೋಡ್ಕೊಬೇಕು."

ನನಗೆ ಇದು ತಿಳಿಯದ್ದೇನಲ್ಲ. ಚಿಮ್ಮನಚೋಡದಲ್ಲಿ ನಮ್ಮ ತಾಯಿಯೂ ಯಾರಾದರೂ ಬಂದರೆ ಹಿತ್ತಲ ಬಾಗಿಲಿನಿಂದ ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡುತ್ತಿದ್ದಳು. ಪಟ್ಟಣದಲ್ಲಿ ಬೆಳೆದ ತನಿಖೆದಾರನಾಗಿದ್ದರೆ ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ನಾನು ಎಲ್ಲ ಗೊತ್ತಿದ್ದೂ ಬರೆದೆ. ಆ ದಿನವೇ ಹಳೆಯ ಫಾರಂಗಳಲ್ಲಿ ಸೊನ್ನೆ ಅಳಿಸಿ ಒಂದು ಎಂದು ತಿದ್ದಿದ್ದರೆ, ಅಕ್ಕಿ ಸಕ್ಕರೆ ಅತಿಥಿಗೆಂದು ತಂದದ್ದು ಎಂದು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಉಳಿದ ಎರಡು ಮನೆಗಳಲ್ಲೂ ಉಂಡೆ, ಸೊನ್ನೆಯನ್ನೇ ಬರೆದೆ.

ಬೇರೆ ಓಣಿಗಳಿಗೆ ಹೋದ ಇಬ್ಬರು ತನಿಖೆದಾರರೂ ನನ್ನಂತೆಯೇ ಉಂಡು ಬಂದಿದ್ದರು. ಮರುವರ್ಷ ಕೋಷ್ಟಕ ತಯಾರಿಸುವ ಕೆಲಸವೂ ನನಗೇ ಬಂತು. ಎಡಗಡೆ ಶಹಾಬಾದ, ಬಲಗಡೆ ದೇಶದ ಸರಾಸರಿ. ಅಕ್ಕಿಯಲ್ಲಿ ಶಹಾಬಾದ ಮೇಲೆ, ಸಕ್ಕರೆಯಲ್ಲಿ ಮೇಲೆ, ಬೇಳೆಯಲ್ಲಿ ಮೇಲೆ. ದಕ್ಷಿಣದ ಕಡೆಯಿಂದ ಬಂದಿದ್ದ ಮೇಲಧಿಕಾರಿ ಕೋಷ್ಟಕ ನೋಡಿ ಖುಷಿಪಟ್ಟರು.

"ನಿಮ್ಮ ಕಡೆಯವರು ಬಡವರು, ಹಿಂದುಳಿದವರು ಅಂತ ಬಾಯಿ ಬಡ್ಕೋತೀರಲ್ಲ, ನೋಡಿ ಇಲ್ಲಿ. ದೇಶದ ಕೂಲಿಕಾರರಿಗಿಂತ ಚೆನ್ನಾಗಿ ತಿಂತಿದ್ದಾರೆ!"

ಈಗಲಾದರೂ ಹೇಳಬೇಕು ಎಂದು ಬಾಯಿ ತೆರೆದೆ. "ಹೌದು ಸರ್," ಎಂಬ ಎರಡು ಶಬ್ದ ಮಾತ್ರ ಹೊರಬಂದವು.

ಅದೇ ಕೋಷ್ಟಕವನ್ನು ಮುಂದಿಟ್ಟುಕೊಂಡು ಓಣಿಯ ಅರ್ಜಿಗೆ ಉತ್ತರ ಹೋಯಿತು. ಈ ಭಾಗದ ಕೂಲಿಕಾರರ ಆಹಾರ ದೇಶದ ಸರಾಸರಿಗಿಂತ ಉತ್ತಮವಾಗಿರುವುದರಿಂದ ಪ್ರತ್ಯೇಕ ಅಂಗಡಿಯ ಅಗತ್ಯ ಕಂಡುಬಂದಿಲ್ಲ. ಸುದ್ದಿ ಕೇಳಿ ಅವ್ವನ ಮನೆಗೆ ಹೋದೆ. ತಪ್ಪು ಒಪ್ಪಿಕೊಳ್ಳುವುದಕ್ಕೆ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಆಕೆಗೆ ಗೊತ್ತಾಗಿದೆಯೋ ಇಲ್ಲವೋ ನೋಡಲು ಹೋದೆ.

ದೊಡ್ಡ ಮಗ ಆ ಕಾಗದವನ್ನು ಓದಿ ಹೇಳಿದ್ದ. ಅವ್ವ ನನ್ನನ್ನು ಕೂರಿಸಿ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

"ತಮ್ಮಾ," ಎಂದಳು. ಸಾಹೇಬ್ರ ಎನ್ನಲಿಲ್ಲ. "ನೀ ಉಂಡದ್ದು ನಮ್ಮ ಹೊಟ್ಟಿ ಲೆಕ್ಕಕ್ಕ ಬರದಿಯೇನು?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವ್ವ ಎದ್ದು ಒಳಗೆ ಹೋಗಿ ತಾಟು ತಂದಿಟ್ಟಳು. ಅಂದು ಅನ್ನವಿರಲಿಲ್ಲ. ಎರಡು ರೊಟ್ಟಿ, ಪುಂಡಿಪಲ್ಯ, ಜಜ್ಜಿದ ಉಳ್ಳಾಗಡ್ಡಿ, ಕೆಂಪು ಖಾರ.

"ಇವತ್ತರ ನಮ್ಮನ್ನ ಬರಕೊ. ನಾವು ಉಣ್ಣೂದು ಇದು."

ನನ್ನ ಬಳಿ ಫಾರಂ ಇರಲಿಲ್ಲ, ಇದ್ದಿದ್ದರೂ ಬರೆಯುವ ಧೈರ್ಯ ಇರಲಿಲ್ಲ. ರೊಟ್ಟಿಯ ದಪ್ಪ ಉಳಿದ ಜಾಗ ಬಾಯಿಗೆ ಸಿಕ್ಕಿತು. ಅದನ್ನೂ ತಿಂದು ಮುಗಿಸಿ ಎದ್ದೆ. "ಸಾವಕಾಶ ಹೋಗು," ಎಂದು ಬಾಗಿಲವರೆಗೆ ಬಂದಳು.

ನೌಕರಿ ಖಾಯಂ ಆದ ಮೇಲೆ ಹೇಳಿಬಿಡುತ್ತೇನೆ ಎಂದುಕೊಂಡೆ. ಖಾಯಂ ಆಯಿತು. ಬಡ್ತಿ ಬಂದ ಮೇಲೆ ಎಂದುಕೊಂಡೆ. ಅದೂ ಬಂತು, ಸೇಡಂಗೆ ವರ್ಗವೂ ಆಯಿತು. ಕೊನೆಗೊಮ್ಮೆ ಗಟ್ಟಿ ಮನಸ್ಸು ಮಾಡಿ ಹಳೆಯ ಕಚೇರಿಗೆ ಹೋಗಿ ಆ ಫಾರಂಗಳನ್ನು ಕೇಳಿದೆ. ರದ್ದಿಗೆ ಹಾಕಿ ಎಷ್ಟೋ ದಿನವಾಗಿತ್ತು. ನನ್ನ ಸೊನ್ನೆಗಳು ಹೋಗಿದ್ದವು, ಕೋಷ್ಟಕ ಮಾತ್ರ ಅಚ್ಚಾಗಿ ಉಳಿದಿತ್ತು. ನನ್ನ ಕೈಕೆಳಗೆ ಬಂದ ಹುಡುಗರಿಗೆಲ್ಲ, ಯಾರ ಮನೆಯಲ್ಲಿ ಉಂಡರೂ ಮೊದಲು ನಿಮ್ಮನ್ನು ಅತಿಥಿಯ ಕಾಲಂನಲ್ಲಿ ಬರೆಯಿರಿ ಎಂದು ಹೇಳುತ್ತ ಬಂದೆ. ಶಿಸ್ತಿನ ಮನುಷ್ಯ ಎಂದು ಅವರು ನನ್ನನ್ನು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನೂ ನಾನು ಬೇಡ ಎನ್ನಲಿಲ್ಲ.

ಏಳೆಂಟು ವರ್ಷದ ಮೇಲೆ ವಾಡಿಯಲ್ಲಿ ರೈಲು ಇಳಿದವನು ಆ ಓಣಿಗೆ ಹೋದೆ. ಅವ್ವನ ಮನೆಯ ಎದುರಿಗೇ ರೇಷನ್ ಅಂಗಡಿ. ಜನ ಚೀಲ ಹಿಡಿದು ನಿಂತಿದ್ದರು. ದೊಡ್ಡ ಮಗ ಗುರುತು ಹಿಡಿದು ಒಳಗೆ ಕರೆದ.

"ಅವ್ವ ಹ್ವಾದ ವರ್ಷ ತೀರಿಕೊಂಡ್ಳ್ರಿ. ಅಂಗಡಿ ಈಗ ಮೂರು ತಿಂಗಳಾತು. ಕಡೀತನಕ ತಲಿಮ್ಯಾಲ ಗಂಟು ಹೊತ್ತು ಊರಿಂದನೇ ತರ್ತಿದ್ಳು. ಮೊಣಕಾಲು ಭಾಳ ನೋವಿತ್ತು. ನಿಮ್ಮನ್ನ ನೆನಸ್ತಿದ್ಳ್ರಿ, ತಕ್ಕಡಿ ಸಾಹೇಬ ಸೊರಗಿದ್ದ, ಈಗರ ಮೈ ಹಿಡದಾನೋ ಇಲ್ಲೋ ಅಂತ."

ಅಷ್ಟರಲ್ಲಿ ಸೊಸೆ ಸೆರಗಿನಡಿ ಬಟ್ಟಲು ಹಿಡಿದು ಪಕ್ಕದ ಮನೆಯ ಕಡೆ ಹೊರಟಿದ್ದಳು. ನಾನು ಗಾಬರಿಯಾಗಿ ತಡೆದೆ. "ಬ್ಯಾಡವ್ವಾ, ಬ್ಯಾಡ. ಮನ್ಯಾಗ ಏನದ ಅದನ್ನೇ ಕೊಡು." ಆಕೆ ನಾಚಿಕೊಂಡು ಎರಡು ರೊಟ್ಟಿ, ಖಾರ ತಂದಿಟ್ಟಳು. ಮುರಿದು, ಬೆರಳಾಡಿಸಿ, ಆ ದಪ್ಪ ಜಾಗವನ್ನು ಹುಡುಕಿದೆ. ರೊಟ್ಟಿ ಎಲ್ಲ ಕಡೆ ಒಂದೇ ಸಮನಾಗಿತ್ತು.