ಮಾಲೂರು ಗೇಟಿನಲ್ಲಿ ಹಾದುಹೋದ ರೈಲು

ಮಾಲೂರಿನ ರೈಲ್ವೆ ಗೇಟು ಆ ಕಾಲದಲ್ಲಿ ಒಮ್ಮೆ ಮುಚ್ಚಿತೆಂದರೆ, ಬಂಡಿಯವರು ಎತ್ತುಗಳಿಗೆ ಹುಲ್ಲು ಹಾಕಿ, ಬೀಡಿ ಸೇದಿ, ಒಂದು ಸಣ್ಣ ನಿದ್ದೆಯನ್ನೂ ತೆಗೆಯಬಹುದಿತ್ತು. ನಡೆದು ಹೋಗುವವರಿಗೆ ಆ ಕಷ್ಟವಿರಲಿಲ್ಲ. ಪಕ್ಕದ ಸಂದಿಯಲ್ಲಿ ನುಸುಳಿ ಹಳಿ ದಾಟುತ್ತಿದ್ದರು. ಸಂತೆಗೆ ಬಂದಾಗಲೆಲ್ಲ ನಾನೂ ಚಿಕ್ಕಪ್ಪನ ಮಗ ಸೀನನೂ ಬಂಡಿಯಿಂದಿಳಿದು, ಗೇಟು ತೆಗೆಯುವವರೆಗೆ ಮಣ್ಣಿನಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಹುರಿದ ಕಡಲೆಕಾಯಿಯ ಘಮ, ಕಲ್ಲಿದ್ದಲ ಹೊಗೆ. ಅಲ್ಲಿ ಕಾಯುವುದೆಂದರೇ ನಮಗೆ ಹಿಗ್ಗು.

ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಚಿಕ್ಕಪ್ಪನದು. ನನಗೆ ಹತ್ತು ತುಂಬಿದ ವರ್ಷ ನಮ್ಮ ಮೇಷ್ಟ್ರು ಮನೆಗೇ ಬಂದು, ಸೀನನ ಜೊತೆ ನನ್ನನ್ನೂ ಬೆಂಗಳೂರಿನಲ್ಲಿ ಓದಿಸಬೇಕೆಂದು ಹಟ ಹಿಡಿದರು. ಅವರೆದುರು ಚಿಕ್ಕಪ್ಪ ಆಗಲಿ ಎಂದ. ಹೊರಡುವ ದಿನ ಅಮ್ಮ ನನ್ನ ಲಂಗ, ಸ್ಲೇಟು ಎಲ್ಲ ಟ್ರಂಕಿಗೆ ತುಂಬಿ, ತಲೆ ಬಾಚಿ, ಕನಕಾಂಬರ ಮುಡಿಸಿ ಕಳಿಸಿದಳು.

ಗೇಟು ಮುಚ್ಚಿತ್ತು. ಚಿಕ್ಕಪ್ಪ ಸೀನನ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು, ಅವನ ಕೈಹಿಡಿದು ಇಳಿದ.

"ನಾವು ಮುಂದೆ ಹೋಗಿ ಟಿಕೇಟು ತಗೊಂಡಿರ್ತೀವಿ. ನೀನು ಟ್ರಂಕು ನೋಡ್ಕೊಂಡು ಬಂಡೀಲೇ ಇರು ಲಚ್ಚಿ. ಗೇಟು ತೆಗೆದ ತಕ್ಷಣ ಮುನಿಯಪ್ಪ ಕರ್ಕೊಂಡು ಬರ್ತಾನೆ."

ಟ್ರಂಕಿನ ಮೇಲೆ ಕೂತವಳು ಆಟಕ್ಕೂ ಇಳಿಯಲಿಲ್ಲ. ತುಂಬ ಹೊತ್ತಿನ ಮೇಲೆ ಸ್ಟೇಷನ್ನಿನ ಕಡೆಯಿಂದ ರೈಲು ಬಂತು. ಬೆಂಗಳೂರಿಗೆ ಹೊರಟ ನಮ್ಮದೇ ರೈಲು. ಇನ್ನೂ ವೇಗ ಹಿಡಿಯದ ಡಬ್ಬಿಗಳು ಒಂದೊಂದಾಗಿ ಕಣ್ಣೆದುರು ಹಾದವು. ಒಂದು ಕಿಟಕಿಯಲ್ಲಿ ಸೀನನಿದ್ದ. ನನ್ನನ್ನು ಕಂಡು ಕೈಬೀಸಿದ. ಪಕ್ಕದಲ್ಲಿದ್ದ ಚಿಕ್ಕಪ್ಪ ಅವನ ಕೈಯನ್ನು ಒಳಗೆಳೆದುಕೊಂಡ.

ಆಮೇಲೆ ಗೇಟು ತೆರೆಯಿತು.

ಬೇಗ ಹೊಡಿ ಎಂದು ಮುನಿಯಪ್ಪನ ಬೆನ್ನಿಗೆ ಗುದ್ದಿದೆ. ಅವನು ಹಳಿ ದಾಟಲಿಲ್ಲ. ಎತ್ತುಗಳನ್ನು ಊರಿನ ಕಡೆ ತಿರುಗಿಸಿದ.

"ಯಜಮಾನ್ರು ಹಿಂಗೇ ಮಾಡು ಅಂದಿದ್ರು ಕಣವ್ವಾ," ಅಂದ. ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ.

ಅಮ್ಮನಿಗೆ ಹೇಳಿದರೆ ಅವಳು ಚಿಕ್ಕಪ್ಪನ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡು ಅಳು ತಡೆದುಕೊಂಡೇ ಬಂದೆ. ಯಾಕೆ ವಾಪಸು ಬಂದೆ ಎಂದು ಅಮ್ಮ ಕೇಳಲಿಲ್ಲ. ಒಲೆಯ ಮುಂದೆ ಎರಡು ತಟ್ಟೆ ಇಟ್ಟಿದ್ದಳು. ನನ್ನ ತಟ್ಟೆಯಲ್ಲಿ ಆಗಲೇ ಮುದ್ದೆಯಿತ್ತು, ನನಗಿಷ್ಟವಾದ ಹುರುಳಿ ಸಾರು ಇತ್ತು.

"ನಿಂಗೆ ಗೊತ್ತಿತ್ತೇನಮ್ಮಾ?"

"ಇನ್ನೊಬ್ರ ಹಂಗಿನಲ್ಲಿರೋಳು ನಾನು. ಏನ್ ಮಾಡ್ಲಿ ಕಣೇ," ಎಂದು ಅವಳು ಒಲೆಯ ಕಡೆ ತಿರುಗಿದಳು.

ಚಿಕ್ಕಪ್ಪನ ಮೇಲಿನ ಸಿಟ್ಟು ವರ್ಷಗಳು ಕಳೆದ ಹಾಗೆ ಹೇಗೋ ಇಳಿಯಿತು. ಓದು ತಪ್ಪಿದ್ದಕ್ಕೂ ಈಗ ಅಷ್ಟು ದುಃಖವಿಲ್ಲ. ಅಮ್ಮ ಇನ್ನೂ ಬಹಳ ವರ್ಷ ಬದುಕಿದ್ದಳು; ನನ್ನ ಮೊದಲ ಮಗು ಹೋದಾಗ ಪಕ್ಕದಲ್ಲೇ ಕೂತಿದ್ದಳು. ಆಗಲೂ ನಾನು ಅವಳ ಹತ್ತಿರ ಏನನ್ನೂ ಹೇಳಿಕೊಳ್ಳಲಿಲ್ಲ. ಅಮ್ಮನಿಗೆ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯದಿಂದ ನಾನು ಮನೆಗೆ ಬಂದದ್ದು ಆವತ್ತೇ ಕೊನೆ.