ಟವೆಲ್ ಹಾಕಿದ ಸೀಟು

ಈ ಕಥೆಯನ್ನು ಕಳೆದ ನಾಲ್ಕು ತಿಂಗಳಲ್ಲಿ ಕಡಿಮೆಯೆಂದರೂ ಹತ್ತು ಸಲ ಹೇಳಿದ್ದೇನೆ. ಡೆಟ್ರಾಯಿಟ್ ಹತ್ತಿರ ಆಬರ್ನ್ ಹಿಲ್ಸ್‌ನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದೆ. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಮ್ಮ ಬಡಾವಣೆಯ ಕನ್ನಡದವರು ಸೇರಿದಾಗಲೆಲ್ಲ ಹೇಳಿದೆ. ಹೇಳಿದಷ್ಟೂ ನುಣುಪಾಯಿತು. ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ, ಎಲ್ಲಿ ದನಿ ಏರಿಸಿದರೆ ಚಪ್ಪಾಳೆ ತಟ್ಟುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿತ್ತು.

ಕಥೆ ಇಷ್ಟು. ಯುರೋಪಿನ ಒಂದು ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ನಾನೂ ಅವ್ವನೂ ಒಂದೂವರೆ ಗಂಟೆಯ ದಾರಿ ಹಾರಿದೆವು. ನಮ್ಮಿಬ್ಬರ ನಡುವಿನ ಸೀಟು ಖಾಲಿ ಇತ್ತು. ಹಿಂದಿನ ಸಾಲಿನಲ್ಲಿ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡ ಒಬ್ಬ ಮುದುಕಿ ಇಬ್ಬರು ಗಂಡಸರ ನಡುವೆ ಸಿಕ್ಕಿಕೊಂಡಿದ್ದಳು. ಅವ್ವ ಅವಳನ್ನು ಕರೆದಳು, ಗಗನಸಖಿ ತಡೆದಳು. ಆಗ ನಾನು ಎದ್ದು ನಿಂತು, "ನಮ್ಮ ತಾಯಿ ಇಪ್ಪತ್ತಾರು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಅವರಿಗೆ ಸೀಟಿನ ನಿಯಮ ಹೇಳಿಕೊಡಬೇಡಿ" ಎಂದು ಇಂಗ್ಲಿಷಿನಲ್ಲಿ ದಬಾಯಿಸಿ ಮುದುಕಿಗೆ ಜಾಗ ಕೊಡಿಸಿದೆ.

ಇದರಲ್ಲಿ ಅವ್ವ ಕಂಡಕ್ಟರ್ ಆಗಿದ್ದದ್ದು ನಿಜ. ಡ್ರೈವರಾಗಿದ್ದ ಅಪ್ಪ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅವಳಿಗೆ ಆ ನೌಕರಿ ಸಿಕ್ಕಿತು. ಗದಗಿನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಗದಗಿಗೆ. ಎಂಜಿನಿಯರಿಂಗ್ ಓದುವಾಗ ನಾನು ಎಷ್ಟೋ ಸಲ ಅವಳದೇ ಬಸ್ಸಿನಲ್ಲಿ ಹೋಗಿದ್ದೇನೆ. ಅಣ್ಣಿಗೇರಿಯಲ್ಲಿ ಜನ ಹತ್ತಿದ ಕೂಡಲೇ ಅವ್ವ ನನ್ನ ಕಡೆ ಒಮ್ಮೆ ನೋಡುವಳು. ನಾನು ಏಳಬೇಕು. "ಕಂಡಕ್ಟರ್ ಮಗಳು ಕುಂತು, ಬಸುರಿ ನಿಂತ್ರ ನನ್ನ ಮಾತು ಯಾರು ಕೇಳ್ತಾರ?" ಎನ್ನುತ್ತಿದ್ದಳು. ಅಲ್ಲಿಂದ ಹುಬ್ಬಳ್ಳಿಯವರೆಗೆ ಕಂಬ ಹಿಡಿದು ನಿಂತೇ ಸೆಮಿಸ್ಟರ್ ಪುಸ್ತಕಗಳನ್ನು ಓದಿದವಳು ನಾನು.

ಅವ್ವನ ಬಸ್ಸಿನಲ್ಲಿ ಇನ್ನೊಂದು ಕಾನೂನಿತ್ತು. ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದಂತೆ ಕೆಳಗಿನಿಂದಲೇ ಕಿಟಕಿಯೊಳಗೆ ಟವೆಲ್ಲೋ ಕರವಸ್ತ್ರವೋ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಪದ್ಧತಿಯಲ್ಲವೇ? ಅವ್ವ ಒಳಗಿನಿಂದ ಆ ಟವೆಲ್ಲುಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯಿಂದಲೇ ವಾಪಸು ಕೊಡುತ್ತಿದ್ದಳು. "ಟವೆಲ್ಲಿಗೆ ಟಿಕೆಟ್ ಇಲ್ರೀ. ಮೊದಲು ಮನಿಶ್ಯಾರು ಬರ್ರಿ."

ಮಗಳು ಮುಂದೆ ಅಮೆರಿಕದಲ್ಲಿ ಕಾರಿನ ಸೀಟುಗಳ ಚೌಕಟ್ಟು ಮಾಡುವ ಎಂಜಿನಿಯರ್ ಆದಾಗ ಅವ್ವ ಡಿಪೋದಲ್ಲಿ ಪೇಢೆ ಹಂಚಿದಳಂತೆ. "ನಮ್ಮದು ಸೀಟಿನ ಮನೆತನ" ಎಂದಳಂತೆ.

ಈ ಎಲ್ಲ ಹೆಮ್ಮೆ ಸೇರಿಯೇ ಆ ಟಿಕೆಟ್ ಹುಟ್ಟಿದ್ದು. ಚೌಕಟ್ಟಿನ ಬಿಡಿಭಾಗ ಒದಗಿಸುವ ಕಾರ್ಖಾನೆಯೊಂದನ್ನು ನೋಡಲು ನಾನು ಎರಡು ದಿನ ಯುರೋಪಿಗೆ ಹೋಗಬೇಕಿತ್ತು. ಅದೇ ವಾರ ಅವ್ವ ಬೆಂಗಳೂರಿನಿಂದ ಆರು ತಿಂಗಳ ಮಟ್ಟಿಗೆ ನಮ್ಮ ಮನೆಗೆ ಹೊರಟಿದ್ದಳು. ದಾರಿಯಲ್ಲಿ ಇಬ್ಬರೂ ಕೂಡಿ, ಕಾರ್ಖಾನೆಯಿದ್ದ ಸಣ್ಣ ಊರನ್ನು ಒಟ್ಟಿಗೆ ನೋಡಿ, ಅಲ್ಲಿಂದ ಡೆಟ್ರಾಯಿಟ್‌ಗೆ ಬರೋಣ ಎಂದುಕೊಂಡೆ. ಹಿಂದಿನ ವಿಮಾನ ಪ್ರಯಾಣಗಳಿಂದ ಕೂಡಿದ್ದ ಮೈಲುಗಳನ್ನೆಲ್ಲ ಹಾಕಿ ಆ ಒಂದೂವರೆ ಗಂಟೆಯ ದಾರಿಗೆ ಬಿಸಿನೆಸ್ ಕ್ಲಾಸ್ ತೆಗೆದೆ. ಅವ್ವನನ್ನು ಒಮ್ಮೆಯಾದರೂ ಎಲ್ಲರಿಗಿಂತ ಮುಂದೆ ಕೂರಿಸಬೇಕೆಂಬ ಆಸೆ.

ಕಥೆಯ ಮೇಲೆ ನನಗೆ ಅನುಮಾನ ಬಂದದ್ದು ಹೋದ ವಾರ. ಷಿಕಾಗೋ ಹತ್ತಿರ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ನನ್ನ ಗಂಡನ ಅಕ್ಕನ ಮನೆ. ಭಾವ ಫೋನ್ ಮಾಡಿದರು. ಅವರೂ ಅಕ್ಕನನ್ನು ಕರೆದುಕೊಂಡು ಯುರೋಪಿಗೆ ಹೊರಟಿದ್ದಾರೆ.

"ನೀವು ಹೋಗಿದ್ರಲ್ಲ ಆ ಬಿಸಿನೆಸ್ ಕ್ಲಾಸು, ಸೀಟ್ ಹೇಗಿತ್ತು? ಊಟ ಏನ್ ಕೊಟ್ರು? ಬುಕ್ ಮಾಡ್ಬಹುದಾ?"

ಊಟ ಏನು ಕೊಟ್ಟರೆಂಬುದು ನೆನಪಾಗಲಿಲ್ಲ. ಇಷ್ಟು ಸಲ ಹೇಳಿದ ಕಥೆಯಲ್ಲಿ ಊಟವೇ ಇಲ್ಲವಲ್ಲ ಎಂದು ಸೋಜಿಗವಾಯಿತು. ಶನಿವಾರ ಬಂದಾಗ ಹೇಳುತ್ತೇನೆಂದು ಫೋನಿಟ್ಟು ಡೈರಿ ತೆಗೆದೆ. ಅವತ್ತು ಸಂಜೆ ಹೋಟೆಲಿನಲ್ಲಿ ಕೂತು ಬರೆದ ಪುಟ. ಅಕ್ಷರಗಳು ಒತ್ತಿ ಒತ್ತಿ ಬಿದ್ದಿದ್ದವು.

"ಅವ್ವ ಕೇಳಲಿಲ್ಲ. ಎಲ್ಲರ ಎದುರು ಮಾನ ಹೋಯಿತು. ನಡುವಿನ ಸೀಟಿನ ಮೇಲೆ ನನ್ನ ಬ್ಯಾಗ್ ಇಟ್ಟು ಕಿಟಕಿಯ ಕಡೆ ತಿರುಗಿದೆ. ಅವಳು ಎದ್ದು ಹಿಂದೆ ಹೋಗಿ ಕೂತಳು. ಪರದೆ ಎಳೆದರು. ಹಿಂದೆ ನಗುತ್ತಿದ್ದರು. ಬಿಸಿ ಪಾಸ್ತಾ, ಗಾಜಿನ ಲೋಟ, ಬಟ್ಟೆಯ ನ್ಯಾಪ್ಕಿನ್. ಹಾಗೇ ವಾಪಸು ಕಳಿಸಿದೆ."

ಅಷ್ಟೇ. ನಾನು ಎದ್ದು ನಿಂತ ಮಾತು ಎಲ್ಲೂ ಇಲ್ಲ. ಇಂಗ್ಲಿಷಿನ ದಬಾವಣೆ ಇಲ್ಲ.

ಡೈರಿಯನ್ನೂ ನಾನು ಪೂರ್ತಿ ನಂಬುವವಳಲ್ಲ. ಸಿಟ್ಟಿನಲ್ಲಿ ಬರೆದದ್ದು ಸಿಟ್ಟಿಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಕಥೆ ಹೇಳುವಾಗ ಮುದುಕಿಗೆ ನಾನು ನೀಲಿ ಸ್ವೆಟರ್ ತೊಡಿಸುತ್ತೇನೆ, ಡೈರಿಯಲ್ಲಿ ಸ್ವೆಟರ್ ಇಲ್ಲ. ಅದು ಎಲ್ಲಿಂದ ಬಂತು? ಆದರೆ ಆ ಸಾಲುಗಳನ್ನು ಓದುತ್ತಿದ್ದಂತೆ ಮೊದಲಿನಿಂದ ಒಂದೊಂದೇ ಎದ್ದು ಬಂತು. ಅದನ್ನು ಬಂದ ಹಾಗೆ ಬರೆಯುತ್ತೇನೆ.

ಗೇಟಿನಿಂದ ವಿಮಾನದವರೆಗೆ ಬಸ್ಸು. ಮುಂದೆ ಕೂರುವವರು ಹಿಂದೆ ಕೂರುವವರು ಎಲ್ಲ ಒಂದೇ ಬಸ್ಸಿನಲ್ಲಿ ನಿಂತೆವು. ಅವ್ವನಿಗೆ ಖುಷಿಯೋ ಖುಷಿ. "ಇಲ್ಲೂ ಬಸ್ಸ ಬೇಕಾತು ನೋಡು" ಎಂದಳು. ಪಕ್ಕದಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿದ ಎತ್ತರದ ಮುದುಕಿ ಕೋಲೂರಿ ನಿಂತಿದ್ದಳು. ಕೂತಿದ್ದ ಒಬ್ಬ ಹುಡುಗಿಗೆ ಅವ್ವ ಕಣ್ಣಲ್ಲೇ ಹೇಳಿದಳು, ಹುಡುಗಿ ಎದ್ದು ಜಾಗ ಕೊಟ್ಟಳು. ಯಾವ ಭಾಷೆಯೂ ಬೇಕಾಗಲಿಲ್ಲ.

ವಿಮಾನದೊಳಗೆ ಅವ್ವ ಮೊದಲು ಹುಡುಕಿದ್ದು ದೊಡ್ಡ ಸೀಟನ್ನು. ಬೆಂಗಳೂರಿನಿಂದ ಬಂದ ವಿಮಾನದಲ್ಲಿ ಮುಂದಿನವರ ಮಲಗುವ ಸೀಟುಗಳನ್ನು ನೋಡಿಕೊಂಡೇ ಹಿಂದೆ ಹೋಗಿದ್ದಳು. ಇಲ್ಲಿ ಮುಂದಿನಿಂದ ಹಿಂದಿನವರೆಗೆ ಒಂದೇ ತರಹ, ಆಚೆ ಮೂರು ಈಚೆ ಮೂರು. ನಾನು ಅಭ್ಯಾಸ ಬಲದಿಂದ ಬೆರಳಲ್ಲಿ ಒತ್ತಿ ನೋಡಿದೆ. ಅದೇ ಚೌಕಟ್ಟು, ಅದೇ ಸ್ಪಂಜು.

"ಸೀಟ್ ಅದ ಅದಾವಲ್ಲ. ಏನು ಹೆಚ್ಚಿಂದು ಕೊಟ್ಟಾರ?"

"ನಡುವಿಂದು ಖಾಲಿ ಬಿಡ್ತಾರ ಬೇ. ಆರಾಮ್ ಕುಂದರಲಿ ಅಂತ."

"ಖಾಲಿ ಬಿಡಾಕ ಟಿಕೆಟ್ಟಾ?"

ನಾನು ಕಿಟಕಿಯ ಬಳಿ, ಅವ್ವ ಓಡಾಡುವ ದಾರಿಯ ಬಳಿ. ನಮ್ಮದು ಬಿಸಿನೆಸ್ ಕ್ಲಾಸಿನ ಕೊನೆಯ ಸಾಲು, ಹಿಂದಿನ ಸಾಮಾನ್ಯ ಕ್ಲಾಸಿಗೆ ಅಡ್ಡ ಬರುವ ಪರದೆ ಇನ್ನೂ ಎಳೆದಿರಲಿಲ್ಲ. ಆ ಮುದುಕಿ ನಮ್ಮ ಹಿಂದಿನ ಸಾಲಿನಲ್ಲೇ ನಡುವಿನ ಸೀಟಿಗೆ ಕಷ್ಟಪಟ್ಟು ಇಳಿದಳು. ಪಟ್ಟಿ ಕಟ್ಟಿದ ಕಾಲು ಮಡಚಲು ಬಾರದೆ ಮುಂದಿನ ಸೀಟಿಗೆ, ಅಂದರೆ ಖಾಲಿ ಇದ್ದ ನಮ್ಮ ಸೀಟಿನ ಬೆನ್ನಿಗೆ ಒತ್ತಿಕೊಂಡಿತು. ಅವ್ವ ತಿರುಗಿ, ನಡುವಿನ ಸೀಟನ್ನು ಅಂಗೈಯಿಂದ ತಟ್ಟಿ, "ಬರ್ರೀ, ಇಲ್ಲಿ ಜಾಗಾ ಐತಿ" ಎಂದಳು.

ಗಗನಸಖಿ ನಗುತ್ತಲೇ ಬಂದು, ಆ ಸೀಟು ಖಾಲಿಯೇ ಇರಬೇಕು ಎಂದು ನನಗೆ ಹೇಳಿದಳು.

"ಏನಂತಾಳ?"

"ಆ ಸೀಟ್‌ನ್ಯಾಗ ಯಾರೂ ಕುಂದ್ರಂಗಿಲ್ಲಂತ."

"ಯಾರರೆ ಹತ್ತಾವ್ರು ಅದಾರೇನು, ಮುಂದಿನ ಸ್ಟಾಪಿನ್ಯಾಗ?"

"ವಿಮಾನಕ್ಕ ಎಲ್ಲಿ ಸ್ಟಾಪ್ ಬೇ? ಸುಮ್ನ ಕುಂದ್ರು. ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ ಬಿಡು. ಇವ್ರೂ ಟವೆಲ್ ಹಾಕ್ಯಾರ ಅಷ್ಟ."

ಅವ್ವ ಮತ್ತೆ ಆ ಸೀಟನ್ನು ತಟ್ಟಬಾರದೆಂದು ನಾನು ಅದರ ಮೇಲೆ ಬ್ಯಾಗ್ ಇಟ್ಟದ್ದು ಆಗಲೇ. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಎದ್ದಳು. ತನ್ನ ಸೀಟನ್ನು ಗಗನಸಖಿಗೆ ತೋರಿಸಿದಳು, ಮುದುಕಿಯನ್ನು ತೋರಿಸಿದಳು, ತನ್ನ ಎದೆ ಮುಟ್ಟಿಕೊಂಡು ಹಿಂದಿನ ನಡುವಿನ ಸೀಟನ್ನು ತೋರಿಸಿದಳು. ಇದಕ್ಕೆ ಗಗನಸಖಿಯ ಬಳಿ ನಿಯಮವಿರಲಿಲ್ಲವೋ ಏನೋ, ಒಪ್ಪಿದಳು. ಮುದುಕಿ ಬಂದು ದಾರಿಯ ಬಳಿ ಕೂತಳು, ಕಾಲನ್ನು ನಡುವಿನ ಸೀಟಿನ ಮುಂದೆ ಓರೆಯಾಗಿ ಚಾಚಿ ಉಸಿರು ಬಿಟ್ಟಳು. ಆಮೇಲೆ ಪರದೆ. ಪರದೆಯ ಹಿಂದೆ ಅವ್ವನ ರೊಟ್ಟಿ ಡಬ್ಬಿ ತೆರೆದ ಸದ್ದು, ಶೇಂಗಾ ಚಟ್ನಿಯ ವಾಸನೆ, ಗಂಡಸರ ನಗು. ನಮ್ಮನ್ನು ನೋಡಿ ನಗುತ್ತಿದ್ದಾರೆಂದೇ ನಾನು ತಿಳಿದೆ.

ಇದು ಇಷ್ಟು ತಿಂಗಳಲ್ಲಿ ಹೇಗೆ ಆ ಕಥೆಯಾಯಿತು? ಮೊದಲ ಸಲ ಆಫೀಸಿನಲ್ಲಿ ಹೇಳುವಾಗ ಬ್ಯಾಗನ್ನು ಬಿಟ್ಟೆ, ಅಷ್ಟೇ ನೆನಪು. ಬ್ಯಾಗ್ ಬಿಟ್ಟ ಜಾಗದಲ್ಲಿ ಎದ್ದು ನಿಂತ ನಾನು ಯಾವಾಗ ಬಂದು ಕೂತೆನೋ ಗೊತ್ತಿಲ್ಲ. ಹೆಚ್ಚು ಕಾಡಿದ್ದು ಇನ್ನೊಂದು. ನಮ್ಮ ಮನೆಯಲ್ಲಿ ನಾನು ಆ ಕಥೆ ಹೇಳುವಾಗಲೆಲ್ಲ ಅವ್ವ ಅಲ್ಲೇ ಇದ್ದಳು. ಒಮ್ಮೆಯೂ ಇಲ್ಲವೆನ್ನಲಿಲ್ಲ.

ಶನಿವಾರ ಷಿಕಾಗೋ ಕಡೆಗೆ ಹತ್ತಿರ ಹತ್ತಿರ ಮುನ್ನೂರು ಮೈಲಿ. ಗಂಡ ಡ್ರೈವ್ ಮಾಡುತ್ತಿದ್ದ, ಅವ್ವ ಹಿಂದಿನ ಸೀಟಿನಲ್ಲಿ ಎಕ್ಸಿಟ್ ಬೋರ್ಡುಗಳನ್ನು ಸ್ಟಾಪುಗಳಂತೆ ಎಣಿಸುತ್ತಿದ್ದಳು. ದಾರಿಯಲ್ಲೇ ಅವಳನ್ನು ಕೇಳಬಹುದಿತ್ತು. ಎರಡು ಸಲ ತಿರುಗಿ ನೋಡಿದೆ, ಎರಡು ಸಲವೂ ನೀರು ಬೇಕಾ ಎಂದು ಕೇಳಿದೆ.

ಊಟವಾದ ಮೇಲೆ ಎಲ್ಲರೂ ಬೇಸ್‌ಮೆಂಟಿನಲ್ಲಿ ಕೂತೆವು. ಅಕ್ಕ ಕರೆದಿದ್ದ ಮೂರು ನಾಲ್ಕು ಸಂಸಾರಗಳಿದ್ದವು. ಅಕ್ಕನೇ ಶುರುಮಾಡಿದರು. "ಹೇಳೇ, ಆ ಏರ್‌ಹೋಸ್ಟೆಸ್‌ಗೆ ಬೈದ್ಯಲ್ಲ, ಆ ಕಥೆ ಹೇಳು. ಇವರ್ಯಾರೂ ಕೇಳಿಲ್ಲ."

ಶುರುಮಾಡಿದೆ. ಬಸ್ಸು, ಖಾಲಿ ಸೀಟು, ಮುದುಕಿ. "ಮುಂದಿನ ಸ್ಟಾಪಿನ್ಯಾಗ" ಎಂಬಲ್ಲಿ ಎಲ್ಲರೂ ನಕ್ಕರು. ಮುಂದಿನ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು, ನನಗಿಂತ ಮೊದಲು ಅದೇ ಎದ್ದು ನಿಲ್ಲುತ್ತಿತ್ತು. ಅವ್ವನ ಕಡೆ ನೋಡಿದೆ. ಅವಳು ತಲೆ ಬಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಹೀಗೇ ಮಾಡುತ್ತಿದ್ದಳೆಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದನ್ನು ಎಷ್ಟು ನಂಬಬೇಕೋ.

"ನಾನು ಬೈಲಿಲ್ಲ" ಎಂದೆ. "ಎದ್ದೂ ನಿಲ್ಲಲಿಲ್ಲ. ಅವ್ವನ್ನ ಸುಮ್ನಿರು ಅಂದೆ. ಅವಳು ಯಾರನ್ನೂ ಕರೀಬಾರ್ದು ಅಂತ ಆ ಸೀಟ್ ಮೇಲೆ ನನ್ನ ಬ್ಯಾಗ್ ಇಟ್ಟೆ. ಅವ್ವ ತನ್ನ ಸೀಟನ್ನೇ ಆ ಅಜ್ಜಿಗೆ ಬಿಟ್ಟುಕೊಟ್ಟು ಹಿಂದೆ ಹೋದ್ಳು."

ಭಾವ ನಗುವುದೋ ಬಿಡುವುದೋ ತಿಳಿಯದೆ ಲೋಟ ಹಿಡಿದುಕೊಂಡೇ ಇದ್ದರು. ಅಕ್ಕ, "ಅಲ್ಲ ಕಣೇ, ಮತ್ತೆ ಅವತ್ತು ನಮಗೆ ಹೇಳಿದ್ದು?" ಎಂದರು.

"ಬ್ಯಾಗಲ್ಲ" ಎಂದಳು ಅವ್ವ.

ಎಲ್ಲರೂ ಅವಳ ಕಡೆ ತಿರುಗಿದರು.

"ಬ್ಯಾಗ್ ಕಾಲ ಬುಡಕ ಇತ್ತು. ಈಕಿ ಹಾಕಿದ್ದು ಕೋಟು. ಕೆಂಪಂದು. ಟವೆಲ್ ಹಾಕಿದಂಗ, ಹಿಂಗ." ಕೈ ಬೀಸಿ ತೋರಿಸಿದಳು. "ಇಪ್ಪತ್ತಾರು ವರ್ಷ ಸೀಟಿನ ಮ್ಯಾಲೆ ಯಾರ ಏನು ಒಗೀತಾರಂತ ನೋಡೀನಿ, ನನಗ ಮರೀತೈತೇನು?"

ನನ್ನ ಕೆಂಪು ಕೋಟು ಮೇಲೆ ಬಾಗಿಲ ಹಿಂದೆ ತೂಗುತ್ತಿತ್ತು. ಡೈರಿಯೂ ತಪ್ಪು!

"ಸಿಟ್ಟು ಬರ್ಲಿಲ್ವಾ ಅಮ್ಮ ನಿಮಗೆ?" ಅಕ್ಕ ಕೇಳಿದರು.

"ಬಂತ್ರಿ. ಬರದ ಏನು? ಕಂಡಕ್ಟರ್ ಮಗಳು ಟವೆಲ್ ಹಾಕೂದಂದ್ರ!" ಎಲ್ಲರೂ ನಕ್ಕರು, ನಾನೂ ನಕ್ಕೆ. "ಹಿಂದ ಹೋಗಿ ಕುಂತ ಮ್ಯಾಲೆ ಇಳೀತು. ಎರಡೂ ಕಡೆ ಇಬ್ಬರು ಪೈಲ್ವಾನ್ರು. ರೊಟ್ಟಿ ಮುರದು ಕೊಟ್ಟೆ. ಚಟ್ನಿ ಖಾರಾಗಿ ಒಬ್ಬಾಂವ ಕೆಂಪಗಾದ, ಇನ್ನೊಬ್ಬಾಂವ ನಕ್ಕಿದ್ದ ನಕ್ಕಿದ್ದು. ಎಲ್ಲಿಯಾಕಿ ನೀನು ಅಂತ ಕೇಳಿದ್ರು. ಪರದೆ ಕಡೆ ಕೈ ಮಾಡಿ ಹೇಳಿದೆ, 'ಮೈ ಡಾಟರ್. ಫ್ರಂಟ್. ಎಂಜಿನಿಯರ್. ಸೀಟ್ ಮೇಕಿಂಗ್.' ಅವ್ರು ಕುಂತ ಸೀಟ್ ತಟ್ಟಿ ತಟ್ಟಿ ನೋಡಿದ್ರು, ಇದೂ ನಿನ್ನ ಮಗಳದೇನು ಅಂತ. ಹ್ಞೂಂ ಅಂದ್ಬಿಟ್ಟೆ."

"ವಿಮಾನದ ಸೀಟ್ ನಾನು ಮಾಡಂಗಿಲ್ಲ ಬೇ."

"ನೀ ಸುಳ್ಳ ಕಥಿ ಹೇಳಬಹುದು, ನಾ ಹೇಳಬಾರ್ದೇನು?"

ಬೇಸ್‌ಮೆಂಟ್ ಎಲ್ಲ ನಕ್ಕಿತು. ನಾನು ನೋಡುತ್ತಾ ಕೂತೆ. ಪರದೆಯ ಈಚೆ ನನ್ನ ಮಾನ ಹೋಗುತ್ತಿದೆಯೆಂದು ನಾನು ಹಲ್ಲು ಕಚ್ಚಿ ಕೂತಿದ್ದ ಹೊತ್ತಿಗೆ, ಆಚೆ ಅವ್ವ ನನ್ನನ್ನು ಹೊಗಳುತ್ತಾ ರೊಟ್ಟಿ ಹಂಚುತ್ತಿದ್ದಳು. ಅವಳನ್ನು ಮುಂದೆ ಕೂರಿಸಿದೆನೆಂದು ಮೆರೆದೆನಲ್ಲ, ಎಲ್ಲಿ ಕೂತರೂ ಅದನ್ನೇ ಮುಂದಿನ ಸೀಟು ಮಾಡುವವಳನ್ನು.

"ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ರಿ ಅಮ್ಮ?" ಭಾವ ಕೇಳಿದರು.

"ಮಗಳು ಎದ್ದು ನಿಂತ್ಲು ಅಂತ ನಾಲ್ಕು ಮಂದಿ ಅಂದ್ರ ನನಗೇನು ಕಡಿಮಿ ಆಗ್ತೈತ್ರಿ? ಒಂದಿನ ನಿಲ್ತಾಳಂತ ಗೊತ್ತಿತ್ತು." ಇಷ್ಟು ಹೇಳಿ ಅವ್ವ ನನ್ನ ಕಡೆ ನೋಡಿದಳು. ಅಣ್ಣಿಗೇರಿಯಲ್ಲಿ ನೋಡುತ್ತಿದ್ದಳಲ್ಲ, ಹಾಗೆ.

ಭಾವನಿಗೆ ಇನ್ನೂ ತಮ್ಮ ಟಿಕೆಟ್ಟಿನ ಚಿಂತೆ. "ಅದೆಲ್ಲ ಸರಿ ಅಮ್ಮ, ಈಗ ನಾವು ಆ ಬಿಸಿನೆಸ್ ಕ್ಲಾಸ್ ಬುಕ್ ಮಾಡ್ಬೇಕೋ ಬೇಡ್ವೋ?"

"ಮಾಡ್ರಿ ಮಾಡ್ರಿ" ಎಂದಳು ಅವ್ವ. "ಒಂದು ಸೀಟ್ ಖಾಲಿ ಇದ್ರ ಯಾರಿಗರೆ ಆಗ್ತೈತಿ."